ಜಾಂಗಡ್ ಮೇಲೆ ಬಂದ ಕಾರ್ಡು

ಶುಕ್ರವಾರ ಬೆಳಿಗ್ಗೆ ಸ್ನಾನ ಮುಗಿಸಿ, ತಲೆಗೆ ಟವೆಲ್ ಸುತ್ತಿಕೊಂಡು ಹೊರಗೆ ಬಂದವಳು ಟೀಪಾಯಿ ನೋಡಿ ನಿಂತಲ್ಲೇ ನಿಂತೆ. ಪೆಟ್ಟಿಗೆ ಬಾಯಿ ತೆರೆದಿತ್ತು. ಗ್ರಾಫಿಕ್ಸ್ ಕಾರ್ಡನ್ನು ಅಮ್ಮ ಹೊರಗೆ ತೆಗೆದು ಸ್ಟೀಲ್ ತಟ್ಟೆಯ ಮೇಲೆ ಮಲಗಿಸಿದ್ದಳು. ಅದರ ಬೆನ್ನಿನ ಬಿಳಿ ತಗಡಿನ ಮೇಲೆ ಒದ್ದೆ ಕುಂಕುಮದ ದೊಡ್ಡ ಬೊಟ್ಟು. ಗಾಳಿ ಹೋಗುವ ಜಾಲರಿಯ ಸಂದಿಯಲ್ಲೆಲ್ಲ ಅಕ್ಷತೆ. ಪಕ್ಕದಲ್ಲಿ ಊದುಬತ್ತಿ ಹೊಗೆಯಾಡುತ್ತಿತ್ತು.

ಆ ಕಾರ್ಡು ನನ್ನದಲ್ಲ. ಇನ್ನೊಂದು ಗಂಟೆಯಲ್ಲಿ ಅದು ಅಂಗಡಿಗೆ ವಾಪಸು ಹೋಗಬೇಕಿತ್ತು.

ನಾನು ಸೂರತ್ತಿನ ಪಾಂಡೇಸರಾದಲ್ಲಿ ಒಂದು ಪ್ರಿಂಟಿಂಗ್ ಮಿಲ್ಲಿಗೆ ಸೀರೆ ಡಿಸೈನ್ ಮಾಡಿಕೊಡುವವಳು. ಉಧ್ನಾದಲ್ಲಿ ಬಾಡಿಗೆ ಫ್ಲ್ಯಾಟು. ಅಮ್ಮ ಉಡುಪಿಯಿಂದ ಬಂದು ನನ್ನ ಜೊತೆಗಿದ್ದಳು. ಗೇಮ್ ಆಡುವ ಹುಚ್ಚು ನನಗೆ ನಿನ್ನೆ ಮೊನ್ನೆಯದಲ್ಲ. ಸಣ್ಣವಳಿದ್ದಾಗ ದೊಡ್ಡಪ್ಪನ ಮಕ್ಕಳ ಜೊತೆ ಸೈಬರ್ ಸೆಂಟರಿಗೆ ಹೋಗಿ, ಅವರ ಕುರ್ಚಿಯ ಹಿಂದೆ ನಿಂತು ನೋಡುತ್ತಿದ್ದೆ. ‘ನಿಂಗೆಂತಕ್ಕೆ ಮಾರಾಯ್ತಿ, ನೋಡು ಸಾಕು’ ಅನ್ನುತ್ತಿದ್ದರು. ನೋಡಿ ನೋಡಿ ಸಾಕಾಗಿತ್ತು ನನಗೆ. ಈಗ ಮೂವತ್ತು ದಾಟಿದ ಮೇಲೆ, ಒಂದೊಂದೇ ಭಾಗ ತಂದು, ನನ್ನದೇ ಕಂಪ್ಯೂಟರ್ ಜೋಡಿಸಿದ್ದೆ. ಗ್ರಾಫಿಕ್ಸ್ ಕಾರ್ಡು ಮಾತ್ರ ಬಾಕಿ. ಪರದೆಯ ಮೇಲೆ ಕಾಡು, ನೀರು, ಬೆಳಕು ಎಲ್ಲ ಮೂಡಿಸುವುದು ಅದೇ. ಇಡೀ ಕಂಪ್ಯೂಟರಿನಲ್ಲಿ ಹೆಚ್ಚು ಬೆಲೆಯೂ ಅದಕ್ಕೇ.

ಎರಡು ಕಾರ್ಡು ತಲೆಯಲ್ಲಿ ಕೂತಿದ್ದವು. ಎಲ್ಲಕ್ಕಿಂತ ದೊಡ್ಡದೊಂದು, ಅದರ ಕೆಳಗಿನದೊಂದು. ವಿಡಿಯೋಗಳಲ್ಲಿ ಒಬ್ಬ ಏರಿಗೆ ಎಳೆದರೆ ಇನ್ನೊಬ್ಬ ನೀರಿಗೆ ಎಳೆಯುತ್ತಿದ್ದ. ದೊಡ್ಡದು ನನ್ನ ಕಂಪ್ಯೂಟರಿನ ಡಬ್ಬದೊಳಗೆ ಹಿಡಿಸುತ್ತದೋ ಇಲ್ಲವೋ ಗೊತ್ತಿಲ್ಲ. ಆಫೀಸ್ ಕೆಲಸಕ್ಕೆಂದು ಅಹಮದಾಬಾದಿಗೆ ಹೋದಾಗ ಅಲ್ಲಿನ ಅಂಗಡಿಯಲ್ಲಿ ಕೇಳಿದೆ, ಬರುವಾಗ ವಡೋದರಾದಲ್ಲಿ ಇಳಿದೂ ಕೇಳಿದೆ. ಸೀಲ್ ಒಡೆದರೆ ನಿಮ್ಮದೇ ಅಂದರು ಇಬ್ಬರೂ.

ಎದುರು ಫ್ಲ್ಯಾಟಿನ ಕಾಕಾನಿಗೆ ಇದನ್ನು ಹೇಳಿ ಗೋಳಾಡಿದಾಗ ಅವರು ನಕ್ಕರು. ಕಾಕಾ ವಜ್ರದ ದಲ್ಲಾಳಿ. ಅವರ ಬಜಾರಿನಲ್ಲಿ ದುಡ್ಡು ಕೊಡದೆ, ಬರೀ ನಂಬಿಕೆಯ ಮೇಲೆ ಮಾಲು ಒಯ್ಯುವ ಪದ್ಧತಿ ಉಂಟು. ಒಪ್ಪಿದರೆ ಇಟ್ಟುಕೊಳ್ಳುವುದು, ಇಲ್ಲದಿದ್ದರೆ ಹೋದ ಹಾಗೇ ವಾಪಸು ಕೊಡುವುದು. ಅದಕ್ಕೆ ಜಾಂಗಡ್ ಅನ್ನುತ್ತಾರೆ. ಪರಿಚಯದ ಕಂಪ್ಯೂಟರ್ ಅಂಗಡಿಗೆ ಕಾಕಾ ನನ್ನನ್ನು ಕರೆದುಕೊಂಡು ಹೋಗಿ, ‘ನನ್ನ ಮನೆ ಮಗಳು. ಎರಡೂ ಜಾಂಗಡ್ ಮೇಲೆ ಕೊಡು, ನಾಳೆ ಒಂದು ಹೋದ ಹಾಗೇ ಬರುತ್ತದೆ’ ಅಂದರು. ಅಂಗಡಿಯವನು ಒಲ್ಲದ ಮನಸ್ಸಿನಿಂದ ಸೀಲ್ ಕತ್ತರಿಸಿಕೊಟ್ಟ.

ವಾಪಸು ಬಂದು ಮೆಟ್ಟಿಲು ಹತ್ತುವಾಗ ಕಾಕಾ ತಮ್ಮ ಹಿಂದಿಯಲ್ಲಿ ಹೇಳಿದ್ದು ಇಷ್ಟು: ‘ಬೇಟಾ, ನನ್ನ ಹತ್ತಿರ ಅಂಗಡಿಯಿಲ್ಲ, ಸ್ವಂತ ಮಾಲಿಲ್ಲ. ಜನ ಕೋಟಿ ಬೆಲೆಯ ಕಲ್ಲು ನನ್ನ ಕೈಗೆ ಕೊಡುವುದು ಮಾತಿನ ಮೇಲೆ. ಗೀರು ಬಿದ್ದರೆ ಆ ಪೆಟ್ಟಿಗೆಗಲ್ಲ, ನನಗೆ.’

ಸಂಜೆ ಎರಡನ್ನೂ ಹಾಕಿ ನೋಡಿದೆ. ದೊಡ್ಡದು ಕೂದಲೆಳೆಯಷ್ಟು ಜಾಗ ಬಿಟ್ಟು ಹಿಡಿಸಿತು. ಅಬ್ಬಾ! ಗೇಮಿನ ಕಾಡಿನಲ್ಲಿ ಎಲೆಯ ನಡುವೆ ಬಿಸಿಲು ಇಳಿದು ನೀರಿನ ಮೇಲೆ ನಡುಗುತ್ತಿತ್ತು. ಆಟ ಮರೆತು ಅದನ್ನೇ ನೋಡುತ್ತ ಕೂತೆ. ಆಮೇಲೆ ಬುದ್ಧಿ ಹೇಳಿತು, ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ. ಸಣ್ಣದನ್ನು ಒಳಗೆ ಕೂರಿಸಿ, ದೊಡ್ಡದನ್ನು ಅದರ ಪೆಟ್ಟಿಗೆಯಲ್ಲಿಟ್ಟು ಮಲಗಿದೆ. ಜಾಣತನ ಮಾಡಿದೆ ಅಂದುಕೊಂಡೆ, ಕಣ್ಣು ಮುಚ್ಚಿದರೆ ಮಾತ್ರ ಆ ಕಾಡೇ ಕಾಣುತ್ತಿತ್ತು.

ಬೆಳಗಾದರೆ ಈ ಕತೆ.

‘ಅಮ್ಮಾ! ಇದು ವಾಪಸು ಕೊಡುವಂಥದ್ದು! ಒಂದು ಮಾತು ಕೇಳ್ಬಾರದಿತ್ತಾ?’

‘ಕೇಳೂದೆಂತ? ಹೊಸ ಮಿಷನು, ಶುಕ್ರವಾರ ಬೇರೆ. ಪೂಜೆ ಮಾಡದೆ ಶುರು ಮಾಡ್ತಾರಾ?’

‘ಹೋಗ್ಲಿ, ಪೆಟ್ಟಿಗೆಗೆ ಹಚ್ಚಿದ್ರೆ ಆಗ್ತಿರಲಿಲ್ವಾ?’

‘ಪೂಜೆ ದೇವರಿಗಾ, ದೇವರ ಪೆಟ್ಟಿಗೆಗಾ?’ ಅಂದಳು. ಆಮೇಲೆ ನನ್ನ ಮುಖ ನೋಡಿ ಅವಳ ದನಿ ಇಳಿಯಿತು. ‘ಇದೇ ನಿಂದು ಅಂತ ಗ್ರಹಿಸಿದೆ ಮಗಾ. ನಿನ್ನೆ ಸಂಜೆ ಪೂರಾ ಇದ್ರ ಎದುರೇ ಬಾಯಿ ಬಿಟ್ಟು ಕೂತಿದ್ದಿ. ಆ ಇನ್ನೊಂದನ್ನು ಹಾಕುವಾಗ ನಿನ್ನ ಮುಖದಲ್ಲಿ ಕಳೆಯೇ ಇರ್ಲಿಲ್ಲ.’

ನನಗೆ ಸಿಟ್ಟು ನೆತ್ತಿಗೇರಿತು. ಅವಳು ಹೇಳಿದ್ದು ನಿಜವಾದ್ದರಿಂದ ಇನ್ನೂ ಏರಿತು. ಹತ್ತಿ ತಂದು ಒರೆಸತೊಡಗಿದೆ. ಕುಂಕುಮ ಹೋಯಿತು, ತಿಳಿಗೆಂಪು ಕಲೆ ಉಳಿಯಿತು. ಅಕ್ಷತೆ ಕಾಳನ್ನು ಬೆರಳಿನಿಂದ ಕೀಳಲು ನೋಡಿದರೆ ಇನ್ನೂ ಒಳಗೆ ಜಾರಿತು. ಹಾಗೇ ಪೆಟ್ಟಿಗೆ ಮುಚ್ಚಿ ಕೊಟ್ಟುಬಿಟ್ಟರೆ? ಅಂಗಡಿಯವನು ಬೆನ್ನು ತಿರುಗಿಸಿ ನೋಡದಿದ್ದರೆ? ಛೀ, ನೋಡಿಯೇ ನೋಡುತ್ತಾನೆ. ಇವತ್ತಲ್ಲದಿದ್ದರೆ ನಾಳೆ, ಕಾಕಾನ ಬೆನ್ನ ಹಿಂದೆ. ಅಷ್ಟರಲ್ಲಿ ಬಾಗಿಲ ಬೆಲ್ ಆಯಿತು. ಹೊರಡಲು ತಯಾರಾಗಿ ಕಾಕಾ ಬಾಗಿಲಲ್ಲಿ ನಿಂತಿದ್ದರು.

ಮುಚ್ಚಿಡಲಿಲ್ಲ, ತೋರಿಸಿದೆ. ಕಾಕಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ಬಂದು ಟೀಪಾಯಿಯ ಮುಂದೆ ನೆಲದ ಮೇಲೆ ಕೂತು, ಜೇಬಿನಿಂದ ವಜ್ರ ನೋಡುವ ಭೂತಗನ್ನಡಿಯನ್ನೂ ಚಿಮಟವನ್ನೂ ತೆಗೆದರು. ಗಾಜನ್ನು ಕಣ್ಣಿಗಿಟ್ಟುಕೊಂಡು ಸಂದಿಯಿಂದ ಕಾಳು ಕಾಳಾಗಿ ಅಕ್ಷತೆ ಎತ್ತಿ, ವಜ್ರದ ಕಲ್ಲು ಕಟ್ಟುವ ತಮ್ಮ ಕಾಗದದ ಮೇಲೆ ಇಡತೊಡಗಿದರು. ಅಮ್ಮ ಅಡುಗೆಮನೆ ಬಾಗಿಲಿಗೆ ಆತುಕೊಂಡಿದ್ದಳು. ಒಳಗೆ ಕಾಳು ಉಳಿದಿಲ್ಲವೆಂದು ಕಂಡ ಮೇಲೆ ಅವರು ಕಾಗದ ಮಡಿಚಿ ಜೇಬಿಗೆ ಹಾಕಿಕೊಂಡರು.

‘ಕಲೆ ಹೋಗುವುದಿಲ್ಲ. ಇದನ್ನು ವಾಪಸು ಕೊಡೋ ಹಾಗಿಲ್ಲ. ನಾನೇ ತಗೊಂಡೆ ಅಂತ ಅಂಗಡಿಯವನಿಗೆ ಹೇಳ್ತೇನೆ.’

‘ನಿಮ್ಮ ಮನೆಯಲ್ಲಿ ಕಂಪ್ಯೂಟರೇ ಇಲ್ಲವಲ್ಲ ಕಾಕಾ!’

‘ಮಾತು ಕೊಟ್ಟವನು ನಾನು ತಾನೇ’ ಅಂದು ಚಪ್ಪಲಿ ಮೆಟ್ಟಿಕೊಂಡರು.

ಕಾಕಾ ಕೊಟ್ಟ ಮಾತಿನಂತೆ ಒಂದಾದರೂ ವಾಪಸು ಹೋಗಬೇಕಲ್ಲ, ಸಣ್ಣದನ್ನೂ ಬಿಚ್ಚಿ ಪೆಟ್ಟಿಗೆಗೆ ಹಾಕಿ ಹಿಂದೆಯೇ ಓಡಿದೆ. ಆಟೋದಲ್ಲಿ ಎರಡೂ ಪೆಟ್ಟಿಗೆ ನನ್ನ ಮಡಿಲಲ್ಲಿ. ಕಾಕಾ ರಸ್ತೆಯ ಕಡೆ ಮುಖ ಮಾಡಿ ಕೂತಿದ್ದರು.

ಅಂಗಡಿಯವನು ಮೊದಲು ದೊಡ್ಡದನ್ನೇ ತೆಗೆದ. ಬೆನ್ನು ತಿರುಗಿಸಿದ. ಕಲೆ ಕಂಡದ್ದೇ ಮುಖ ಬಿಗಿಯಿತು, ನನ್ನನ್ನು ನೋಡಿದ. ‘ನನ್ನ ಅಮ್ಮ’ ಅನ್ನುವುದರೊಳಗೆ ಕಾಕಾ ಅಡ್ಡ ಬಂದರು.

‘ನಮ್ಮ ಮನೆಯಲ್ಲಿ ಪೂಜೆ ಆಯಿತು. ಇದನ್ನು ಇಟ್ಟುಕೊಂಡಿದ್ದೇವೆ.’

ಇವಳ ಅಮ್ಮ ಅನ್ನಲಿಲ್ಲ, ಎದುರು ಮನೆ ಅನ್ನಲಿಲ್ಲ. ನಿನ್ನೆ ಮನೆ ಮಗಳು ಅಂದದ್ದು ಅಂಗಡಿಗೆ ಹೇಳುವ ಮಾತು ಅಂದುಕೊಂಡಿದ್ದೆ. ಅಲ್ಲ. ಅವರು ಜೇಬಿಗೆ ಕೈ ಹಾಕುವ ಮೊದಲೇ ನನ್ನ ಫೋನು ಮುಂದೆ ಹಿಡಿದು, ‘ಇದು ನಂದು, ನಾನೇ ಕೊಡ್ತೇನೆ’ ಅಂದೆ. ಕೂಡಿಟ್ಟದ್ದೆಲ್ಲ ಹೋಯಿತು. ಹೆದರಿಕೆಯಾಯಿತು, ಕುಣಿಯುವಷ್ಟು ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಅಂಗಡಿಯವನು ಸಣ್ಣದನ್ನು ಟಾರ್ಚು ಬಿಟ್ಟು ಮೂಲೆ ಮೂಲೆ ನೋಡಿದ. ಕಾಕಾ ಕೌಂಟರಿನ ಅಂಚು ಹಿಡಿದು ನಿಂತಿದ್ದರು. ಕೊನೆಗೆ ಅವನು, ‘ಸರಿಯಿದೆ ಕಾಕಾ, ಹೋದ ಹಾಗೇ ಬಂದಿದೆ’ ಅಂದು ಕಪಾಟಿನಲ್ಲಿಟ್ಟ. ಕಾಕಾ ಕೈ ಸಡಿಲಿಸಿದರು.

ಮನೆಯಲ್ಲಿ ಅಮ್ಮ ಊದುಬತ್ತಿ ಉರಿದು ಬಿದ್ದ ಬೂದಿಯನ್ನೂ ತೆಗೆಯದೆ ಹಾಗೇ ಕೂತಿದ್ದಳು. ಕಾಕಾ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದರು. ‘ಬೆನ್, ನಿಮ್ಮ ಮಾಲು. ನೋಡಿಕೊಳ್ಳಿ.’ ಅಕ್ಕಾ ಅಂತ ಕರೆದದ್ದನ್ನೂ ಸೇರಿಸಿ ನಾನು ಅಮ್ಮನಿಗೆ ಅದನ್ನು ಕನ್ನಡದಲ್ಲಿ ಹೇಳಿದೆ.

ಅಮ್ಮ ಪೊಟ್ಟಣ ಬಿಚ್ಚಿದಳು. ತಮಾಷೆಯೆಂದು ತಿಳಿಯಲಿಲ್ಲ ಅವಳಿಗೆ. ಕಿಟಕಿಯ ಬೆಳಕಿಗೆ ಹಿಡಿದು ಅರಶಿನ ಹತ್ತಿದ ಕಾಳುಗಳನ್ನು ಬೆರಳ ತುದಿಯಲ್ಲಿ ಸರಿಸಿ ಸರಿಸಿ ನೋಡಿದಳು.

‘ಒಂದು ಕಾಳೂ ತುಂಡಾಗ್ಲಿಲ್ಲ ಅಂತ ಹೇಳು ಅವರಿಗೆ’ ಅಂದಳು.

ಹೇಳಿದೆ. ಬೆಳಿಗ್ಗೆಯಿಂದ ಬಿಗಿದುಕೊಂಡೇ ಇದ್ದ ಕಾಕಾ ಕುರ್ಚಿ ಎಳೆದು ಕೂತು, ಒಂದು ಲೋಟ ನೀರು ಕೇಳಿದರು.