ಬೆಳಿಗ್ಗೆ ಏಳಕ್ಕೆ ಮುಗಿಯುವ ದಿನ

ತುರುಬಿನಲ್ಲಿ ಮಲ್ಲಿಗೆ ದಂಡೆ, ಅದರೊಳಗೆ ಸಿಕ್ಕಿಸಿದ ಕೆಂಪು ಪೆನ್ಸಿಲ್ಲು. ದಾವಣಗೆರೆಯ ಒಂದು ಖಾಸಗಿ ಹಾಲಿನ ಡೈರಿಯ ಕಂಪ್ಯೂಟರ್ ಕೋಣೆಗೆ ನಮ್ಮ ಮೇಡಂ ನಸುಕಿನಲ್ಲೇ ಹಾಗೆ ಬರುತ್ತಿದ್ದರು. ಹರಿಹರದಿಂದ ಮೊದಲ ಬಸ್ಸು ಹತ್ತಿ, ನಡುದಾರಿಯ ಬಾತಿ ಊರು ದಾಟುವಷ್ಟರಲ್ಲಿ ದಂಡೆ ಕಟ್ಟಿ ಮುಗಿಸುತ್ತಿದ್ದರಂತೆ. ವಿನೋಬನಗರದಿಂದ ನಡೆದು ಬರುವ ನಾನೇ ದಿನಾ ತಡ!

ಗೋಡೆಯ ಮೇಲೆ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇತ್ತು. ಕೆಲಸಕ್ಕೆ ಸೇರಿದ ಮಾರನೇ ಬೆಳಿಗ್ಗೆ ನಾನು ಉತ್ಸಾಹದಿಂದ ಅದಕ್ಕೆ ಕೈ ಹಾಕಿದೆ.

"ಏ ತಡಿಯವ್ವ! ನಿನ್ನೆ ಇನ್ನೂ ಮುಗಿದಿಲ್ಲ. ಹಾಲಿನ ಗಾಡಿ ಹೋಗ್ಲಿ, ಏಳು ಗಂಟೆಗೆ ಹರಿಯೋಣಂತೆ," ಎಂದರು ಮೇಡಂ.

ಇದೆಂಥ ಹುಚ್ಚು ಎಂದು ಒಳಗೊಳಗೇ ನಕ್ಕೆ. ಕಂಪ್ಯೂಟರಿಗೂ ಅವರು ಅದೇ ಹುಚ್ಚು ಹಿಡಿಸಿದ್ದರು. ಅದರ ದಿನವೂ ಬದಲಾಗುತ್ತಿದ್ದುದು ಬೆಳಿಗ್ಗೆ ಏಳಕ್ಕೆ. ಡಿಗ್ರಿ ಮುಗಿಸಿ ಬಂದ ಮಹಾ ಜಾಣೆ ನಾನು. ಒಂದು ಸಂಜೆ ಯಾರನ್ನೂ ಕೇಳದೆ ಅದನ್ನು ರಾತ್ರಿ ಹನ್ನೆರಡಕ್ಕೆ ಬದಲಾಯಿಸಿ, ಮನೆಗೆ ಹೋಗಿ ಹಾಯಾಗಿ ಮಲಗಿದೆ.

ಬೆಳಿಗ್ಗೆ ಬಂದರೆ ಅಂಗಳದಲ್ಲಿ ಗಾಡಿಗಳ ಸಾಲು. ಯಾವ ಗಾಡಿಗೆ ಎಷ್ಟು ಪ್ಯಾಕೆಟ್ಟು ಎಂಬ ಪಟ್ಟಿಯೇ ಹೊರಬಂದಿರಲಿಲ್ಲ. "ಹಾಲು ಮೊಸರಾದ ಮ್ಯಾಲೆ ಬಿಡ್ತೀರೇನ್ರಿ?" ಎಂದು ಡ್ರೈವರೊಬ್ಬ ಕಿಟಕಿಯಲ್ಲಿ ಕೂಗುತ್ತಿದ್ದ.

ಮೇಡಂ ಪರದೆ ನೋಡಿದರು, ನನ್ನ ಮುಖ ನೋಡಿದರು. ಅಷ್ಟೇ ಸಾಕಾಯಿತು. ಹಿಂದಿನ ರಾತ್ರಿ ಕಡರನಾಯಕನಹಳ್ಳಿ ಕಡೆಯ ಸಂಜೆಹಾಲು ಬಂದು ಒಟ್ಟು ಲೆಕ್ಕ ಮುಗಿದಾಗ ಹನ್ನೆರಡು ದಾಟಿತ್ತು. ಕಂಪ್ಯೂಟರ್ ಅದಕ್ಕೆ ಹೊಸ ತಾರೀಖು ಒತ್ತಿಬಿಟ್ಟಿತ್ತು. ಗಾಡಿಪಟ್ಟಿಯೋ, ಹಳೇ ತಾರೀಖಿನ ಲೆಕ್ಕ ಬರಲಿ ಎಂದು ಕಾಯುತ್ತ ಕೂತಿತ್ತು. ಬರಬೇಕಾದದ್ದು ಬಂದು ಪಕ್ಕದಲ್ಲೇ ನಿಂತಿದ್ದರೂ ಅದಕ್ಕೆ ಗುರುತು ಹತ್ತಲಿಲ್ಲ!

ಮೇಡಂ ತಾವೇ ತಾರೀಖು ತಿದ್ದಿದರು. ಪಟ್ಟಿ ಬಂತು, ಗಾಡಿಗಳು ಹೊರಟವು.

"ಗಡಿಯಾರದ ದಿನ ಬ್ಯಾರೆ, ಕೆಲಸದ ದಿನ ಬ್ಯಾರೆ. ಒಂದರ ಹಿಂದೆ ಒಂದು ಆಗೋ ಕೆಲಸದ ನಡುವೆ ಗೆರೆ ಎಳೀಬ್ಯಾಡವ್ವ," ಎಂದರು.

ನನ್ನದು ಇನ್ನೂ ಖಾಯಂ ಆಗದ ನೌಕರಿ. ಮ್ಯಾನೇಜರ್ ಕೆಂಡದಂತಾಗಿ ಬಂದು "ಯಾರು ಮಾಡಿದ್ದು?" ಎಂದಾಗ ನಾನು ಮೇಡಂ ಹಿಂದೆ ಸರಿದು ನಿಂತೆ.

"ಏಳು ಗಂಟೆ ಯಾಕ ಅಂತ ನಾನು ಈಕಿಗೆ ಹೇಳಿಕೊಟ್ಟಿರಲಿಲ್ರಿ. ತಪ್ಪು ನಂದು, ಬರಕೊಳ್ರಿ," ಎಂದು ಮೇಡಂ ತುರುಬಿನ ಪೆನ್ಸಿಲ್ಲನ್ನೇ ತೆಗೆದು ಅವರ ಮುಂದೆ ಹಿಡಿದರು. ಮ್ಯಾನೇಜರ್ ಬರೆದುಕೊಳ್ಳಲಿಲ್ಲ. ನನ್ನ ಕೆಲಸ ಉಳಿಯಿತು. ನಾನು ಇವತ್ತು ಉಣ್ಣುವ ಅನ್ನ ಮೇಡಂ ಕೊಟ್ಟದ್ದು.

ಕಳೆದ ವರ್ಷ ಅವರು ನಿವೃತ್ತರಾದರು. ಸಂಜೆ ಶಾಲು, ಹಾರ, ಮಂಡಕ್ಕಿ-ಮೆಣಸಿನಕಾಯಿ ಎಲ್ಲ ಆಯಿತು. ನಾನಂತೂ ನಾಚಿಕೆ ಬಿಟ್ಟು ಅತ್ತೆ. ಮಾರನೇ ಬೆಳಿಗ್ಗೆ ಗೇಟಿನ ಹತ್ತಿರ ಏನೋ ಗಲಾಟೆ. ಹೋಗಿ ನೋಡಿದರೆ ಮೇಡಂ! ಅದೇ ದಂಡೆ, ಅದೇ ಪೆನ್ಸಿಲ್ಲು.

"ನಿನ್ನೆಗೇ ನಿಮ್ಮ ಕೆಲಸ ಮುಗೀತಲ್ರಿ ಅಮ್ಮಾರೆ," ಎನ್ನುತ್ತಿದ್ದ ವಾಚ್‌ಮನ್.

"ನಿನ್ನೆ ಎಲ್ಲಿ ಮುಗಿದೈತಪ್ಪ? ಬಿಡು ಒಳಗೆ."

ಕೊನೆಯ ಗಾಡಿ ಹೋಗುವವರೆಗೂ ನನ್ನ ಪಕ್ಕದಲ್ಲೇ ಕೂತರು. ಏಳಾಯಿತು. ಎಂದಿನಂತೆ ಎದ್ದು ಕ್ಯಾಲೆಂಡರಿನ ಮುಂದೆ ನಿಂತವರು ನನ್ನ ಕಡೆ ತಿರುಗಿದರು.

"ಈಗ ಮುಗೀತು ನೋಡು. ನೀನು ಹರಿಯವ್ವ."

ನಾನು ಒಮ್ಮೆಲೇ ಎಳೆದೆ, ಹಾಳೆಯ ಒಂದು ಮೂಲೆ ಕ್ಯಾಲೆಂಡರಿನಲ್ಲೇ ಉಳಿಯಿತು. ಅದನ್ನು ನೋಡಿ ಅವರು ಮನಸಾರೆ ನಕ್ಕು, ಹರಿಹರದ ಬಸ್ಸಿಗೆ ಹೊರಟರು.