ಟ್ರಾಂ ಕಾಕಾ ಹೇಳಿದ ಉಸುಕಿನ ಮಾತು

ಹುಣಸೆಹಣ್ಣು ಹಚ್ಚಿ ಹಿತ್ತಾಳೆ ತಿಕ್ಕಿದ ಮೇಲೆ ಕೈಗೆ ಒಂದು ವಾಸನೆ ಅಂಟಿಕೊಳ್ಳುತ್ತದೆ. ಅರ್ಧ ಹುಳಿ, ಅರ್ಧ ಲೋಹ. ಸೋಪು ಹಾಕಿ ಎರಡು ಸಲ ತೊಳೆದರೂ ಊಟಕ್ಕೆ ಕೂತಾಗ ಬೆರಳ ಸಂದಿಯಿಂದ ಎದ್ದು ಬರುತ್ತದೆ. ಕಳೆದ ವಾರ ಕೊಪ್ಪಳದ ನಮ್ಮ ಮನೆಯ ಹಿತ್ತಿಲಲ್ಲಿ ಕೂತು ನಾನು ಒಂದು ಹ್ಯಾಂಡಲ್ ತಿಕ್ಕುತ್ತಿದ್ದೆ. ಗೇಣುದ್ದದ ಹಿತ್ತಾಳೆ, ತುದಿಗೆ ಹಿಡಿಯಲು ಕಟ್ಟಿಗೆಯ ಗುಂಡು. ಎಷ್ಟೋ ವರ್ಷ ಟ್ರಂಕಿನ ತಳದಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದರಿಂದ ಕಪ್ಪಾಗಿತ್ತು.

ನನ್ನ ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಕ್ಕಾ, ಸಾರಿಗೆ ನೆನಿ ಹಾಕಿದ್ದ ಹುಣಸಿಹಣ್ಣ ಎಲ್ಲಾ ಅದಕ್ಕ ಹಚ್ಚಿ ಬಿಟ್ಟ್ಯಲ್ಲ. ಇವತ್ತ ನಿನ್ನ ಟ್ರಾಂ ಕಾಕಾನ್ನ ಕರದು ಸಾರು ಮಾಡಾಕ ಹೇಳು" ಅಂದಳು. ನಾನು ತಿಕ್ಕುತ್ತಲೇ ಇದ್ದೆ. ಅವಳು ಒಳಗೆ ಹೋದಳು.

ಒಂದು ತಿಂಗಳ ಹಿಂದೆ ಪೇಪರಿನ ಮೂಲೆಯಲ್ಲಿ ಸಣ್ಣದೊಂದು ಸುದ್ದಿ ಓದಿದ್ದೆ. ಒಂದು ದೊಡ್ಡ ಊರಿನಲ್ಲಿ ಟ್ರಾಂ ಮ್ಯೂಸಿಯಂ ಮಾಡುವವರಿದ್ದಾರೆ. ಗಾಜಿನ ಹಿಂದೆ ನಿಲ್ಲಿಸಿಡುವಂಥದ್ದಲ್ಲ, ವರ್ಕಿಂಗ್ ಮ್ಯೂಸಿಯಂ. ಹಳಿ ಹಾಕಿ ಬಂಡಿ ಓಡಿಸುತ್ತಾರೆ, ಜನ ಟಿಕೆಟ್ ತೆಗೆದುಕೊಂಡು ಹತ್ತಬಹುದು. ಹಳೆಯ ಸಾಮಾನು, ಹಳೆಯ ನೆನಪು ಇದ್ದವರು ಬರೆಯಿರಿ ಎಂದು ಕೇಳಿದ್ದರು. ಊರಿನ ಹೆಸರು ಇಲ್ಲಿ ಬೇಡ. ಎಲ್ಲ ಇನ್ನೂ ಪ್ಲಾನ್ ಹಂತದಲ್ಲಿದೆ, ಅವರೇ ಹೇಳಲಿ. ನಾನು ಅವತ್ತೇ ಕೂತು ಪತ್ರ ಬರೆದೆ. ಟ್ರಾಂ ವಿಷಯವಾಗಿ ನಾನು ಬರೆಯುತ್ತಿದ್ದ ಎರಡನೆಯ ಪತ್ರ ಅದು.

ಮೊದಲನೆಯದನ್ನು ಬರೆದಾಗ ನಾವು ಮುನಿರಾಬಾದಿನ ಡ್ಯಾಂ ಕಾಲೋನಿಯಲ್ಲಿದ್ದೆವು. ಅಪ್ಪ ಓವರ್‌ಸಿಯರ್. ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿ, ಬಿ.ಎ. ಮುಗಿಸಿ, ಮನೆಯಲ್ಲಿ ಕೂತಿದ್ದೆ. ಪಕ್ಕದ ಕ್ವಾರ್ಟರ್ಸಿನಲ್ಲಿ ಇದ್ದವರು ಕಾಕಾ ಮತ್ತು ಕಾಕು. ಸಂಬಂಧ ಏನೂ ಇಲ್ಲ, ನಡುವೆ ಒಂದು ಗೋಡೆ ಅಷ್ಟೇ. ಕಾಕಾ ತಾವರಗೇರಾದವರು. ಹುಡುಗನಿದ್ದಾಗಲೇ ದುಡಿಯಲು ಮುಂಬಯಿಗೆ ಹೋಗಿ ಅಲ್ಲಿ ಟ್ರಾಂ ಓಡಿಸುವ ಮೋಟರ್‌ಮನ್ ಆಗಿದ್ದರು. ಅಲ್ಲಿ ಟ್ರಾಂ ನಿಂತ ಮೇಲೆ ತಿರುಗಿ ಬಂದು, ಡ್ಯಾಮಿನ ಗೇಟ್ ಎತ್ತುವ ಮಷಿನಿನ ಹತ್ತಿರ ಹೆಲ್ಪರ್ ಆಗಿ ಸೇರಿದ್ದರು. ಕೊನೆಯ ದಿನ ಡಿಪೋದಲ್ಲಿ ಬಂಡಿ ಓಡಿಸುವ ಹ್ಯಾಂಡಲ್ ವಾಪಸ್ ಕೊಡಲು ಹೋದರೆ, ಇನ್ನು ಇದು ಯಾರಿಗೆ ಬೇಕು, ಇಟ್ಟುಕೋ ಎಂದರಂತೆ. ಟ್ರಾಂ ಹಳಿಯ ಕೊನೆ ಮುಟ್ಟಿದಾಗ ಬಂಡಿ ತಿರುಗುವುದಿಲ್ಲ, ಮೋಟರ್‌ಮನ್ ಹ್ಯಾಂಡಲ್ ಕಿತ್ತುಕೊಂಡು, ಅಲ್ಲಿ ಸಿಕ್ಕಿಸಲು ಬಂಡಿಯ ಇನ್ನೊಂದು ತುದಿಗೆ ನಡೆಯುತ್ತಾನೆ. ಕಾಕಾ ಹಾಗೆ ಕಿತ್ತುಕೊಂಡ ಹ್ಯಾಂಡಲ್ ಹಿಡಿದು ಮುನಿರಾಬಾದಿನ ತನಕ ನಡೆದು ಬಂದಿದ್ದರು.

ಕಾಲೋನಿಯ ಮಂದಿ ಅವರನ್ನು ಟ್ರಾಂ ಕಾಕಾ ಎಂದೇ ಕರೆಯುತ್ತಿದ್ದರು. ಕಾಕು ಮಾತ್ರ, "ನನ್ನ ಜೋಡಿ ಆಗಿದ್ದು ಬರೇ ಕರಾರ. ಲಗ್ನ ಆಗಿದ್ದು ಟ್ರಾಂ ಜೋಡಿ" ಎನ್ನುತ್ತಿದ್ದರು.

ನನಗೊಂದು ಕೆಲಸವಿತ್ತು. ಕಾಲೋನಿಯಲ್ಲಿ ಯಾರಿಗೆ ಟ್ರಾನ್ಸ್‌ಫರ್ ಬೇಕಾದರೂ, ಯಾರಿಗೆ ರಜೆ ಬೇಕಾದರೂ ಇಂಗ್ಲಿಷ್ ಅರ್ಜಿ ಬರೆಸಲು ನಮ್ಮ ಕಟ್ಟೆಗೆ ಬರುತ್ತಿದ್ದರು. "ಓವರ್‌ಸಿಯರ್ ಸಾಹೇಬ್ರ ಮಗಳ ಕೈಯಾಗ ಬರಸ್ರಿ, ಕೆಲಸ ಆಕ್ಕೈತಿ" ಎನ್ನುವ ಮಾತು ಹಬ್ಬಿತ್ತು. ನನಗೆ ಹೆಮ್ಮೆ. ನಮ್ಮ ಕಾನ್ವೆಂಟಿನ ಇಂಗ್ಲಿಷ್ ಸಿಸ್ಟರ್ ಕ್ಲಾಸಿನಲ್ಲಿ ಹೇಳುತ್ತಿದ್ದರು: ಪತ್ರ ಅಂದರೆ ಡ್ರಾಯಿಂಗ್ ರೂಮ್ ಇದ್ದಂತೆ, ಅಡುಗೆಮನೆಯ ಪಾತ್ರೆಗಳನ್ನು ಅಲ್ಲಿಗೆ ತರಬಾರದು. ಅದನ್ನು ನಾನು ಪ್ರೇಯರ್ ಹಾಗೆ ಪಾಲಿಸುತ್ತಿದ್ದೆ.

ಒಂದು ದಿನ ಕಾಕಾಗೆ ಮುಂಬಯಿಯಿಂದ ಹಳೆಯ ಜೊತೆಗಾರನ ಕಾರ್ಡು ಬಂತು. ಹಳೆಯ ಟ್ರಾಂಗಳಲ್ಲಿ ಒಂದೆರಡು ಇನ್ನೂ ಶೆಡ್ಡಿನಲ್ಲಿ ಉಳಿದಿವೆ, ಏನು ಮಾಡೋಣ ಎಂದು ಸಾಹೇಬರು ಹಳಬರನ್ನು ಕೇಳುತ್ತಿದ್ದಾರೆ ಎಂದು ಅದರಲ್ಲಿತ್ತು. ಕಾಕಾ ಕಾರ್ಡು ಹಿಡಿದು ನೇರ ನನ್ನ ಹತ್ತಿರ ಬಂದರು.

"ಯವ್ವಾ, ಇಂಗ್ಲಿಷಿನ್ಯಾಗ ಬರಿಬೇಕು. ಇಂಗ್ಲಿಷ್ ಆದ್ರ ಸಾಹೇಬ್ರು ಕುಂತು ಓದ್ತಾರ."

ಮೂರು ಸಂಜೆ ಹೇಳಿದರು. ಅವರ ಮನೆಯ ಪಡಸಾಲೆಯ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ, ಉಳಿದ ಬಂಡಿ ಓಡಿಸಿ ತೋರಿಸುವ ಜಾಗದ ಪ್ಲಾನ್ ಬರೆದರು. ಮೊಟ್ಟೆಯಾಕಾರದ ಹಳಿ. ಒಂದು ಕಡೆ ಶೆಡ್ಡು, ಅದರ ನೆಲದಲ್ಲಿ ಬಂಡಿಯ ಕೆಳಗೆ ಇಳಿದು ನೋಡಲು ಗುಂಡಿ. ಟಿಕೆಟ್ ಕೊಡುವ ಕಿಟಕಿ. ಮತ್ತು ಒಂದು ಇಳಿಜಾರು. ಇಳಿಜಾರು ಇಲ್ಲದಿದ್ದರೆ ಟ್ರಾಂ ಓಡಿಸುವುದನ್ನು ಕಲಿಯಲಾಗದು ಎಂದು ಆ ಗೆರೆಯನ್ನು ಎರಡು ಸಲ ತಿದ್ದಿದರು. ಬಂಡಿಯ ಬದಲು ಒಂದು ಕಡ್ಡಿಪೆಟ್ಟಿಗೆ.

ಕಾಕು ನೀರಿನ ಕೊಡ ಹೊತ್ತು ಬಂದು, "ನಾ ಸಾರಿಸಿದ ನೆಲದ ಮ್ಯಾಲ ಬಂಡಿ ಓಡಸ್ತಾನ ನೋಡು ಮುದುಕ" ಅಂದರೆ, ಕಾಕಾ ತಲೆಯೆತ್ತದೆ, "ಹಳಿ ಬಿಟ್ಟು ಬಾಜೂಕ ನಿಂದ್ರು, ಗಂಟಿ ಹೊಡದೀನಿ" ಅನ್ನುತ್ತಿದ್ದರು.

ಆಮೇಲೆ ನನ್ನ ಕಡೆ ತಿರುಗಿ ಹೇಳುತ್ತಿದ್ದರು. "ನಿಲ್ಲಿಸಿ ಇಟ್ಟ್ರ ಅದು ಟ್ರಾಂ ಅಲ್ಲವ್ವಾ, ಕಪಾಟ. ಓಡಬೇಕು. ಮಂದಿ ಇರ್ಲಿ ಬಿಡ್ಲಿ, ವಾರಕ್ಕೊಮ್ಮೆ ಓಡಬೇಕು, ಇಲ್ಲಂದ್ರ ಗ್ರೀಸ್ ಗಟ್ಟಿ ಆಕ್ಕೈತಿ. ಮತ್ತ ಉಸುಕಿನ ಮಾತು ಬರಿ. ಜೋರು ಮಳಿಗೆ ಅಂಜಬಾರ್ದು, ಹಳಿ ತೊಳಕೊಂಡು ಹೋಗತೈತಿ. ಹನಿ ಮಳಿಗೆ ಅಂಜಬೇಕು. ಧೂಳು ರಾಡಿ ಆಗಿ ಹಳಿ ಬೆಣ್ಣಿ ಹಂಗ ಆಕ್ಕೈತಿ, ಬ್ರೇಕ್ ಹಿಡಿದ್ರೂ ಗಾಲಿ ಜಾರತಾವ. ಅದಕ್ಕ ಬಂಡಿ ಕೆಳಗಿನ ಡಬ್ಬಿಯಿಂದ ಹಳಿ ಮ್ಯಾಲ ಉಸುಕು ಬಿಡಬೇಕು, ಬ್ರೇಕ್ ಹಾಕೂಕಿಂತ ಮೊದಲ ಬಿಡಬೇಕು. ಎಷ್ಟು ಮೊದಲ ಅನ್ನೂದು ಕಾಲಿಗೆ ಗೊತ್ತಾಗತೈತಿ. ಹೆಂಗಂದ್ರ…"

ಹೇಗೆಂದು ಅವರು ಹೇಳಿದರು. ತುಂಬಾ ಹೊತ್ತು ಹೇಳಿದರು. ಎದ್ದು ನಿಂತು, ಹ್ಯಾಂಡಲನ್ನು ಪಡಸಾಲೆಯ ಕಂಬಕ್ಕೆ ಒತ್ತಿ ಹಿಡಿದು, ಬರಿಗಾಲನ್ನು ನೆಲಕ್ಕೆ ಊರಿ ತೋರಿಸಿದರು. ನನ್ನ ಕೈಯನ್ನೂ ಹ್ಯಾಂಡಲ್ ಮೇಲೆ ಇಡಿಸಿದರು. ಕೊನೆಗೆ ಕೂತು ಮೆಲ್ಲಗೆ ಅಂದರು: "ಇದು ಪುಸ್ತಕಕ್ಕ ಹತ್ತೂದಿಲ್ಲ. ನಮ್ಮಂಥಾ ನಾಕ ಮುದುಕರು ಇರೂದ್ರೊಳಗ ಹುಡುಗರನ್ನ ನಮ್ಮ ಬಾಜೂ ನಿಂದ್ರಸ್ರಿ ಅಂತ ಬರಿ. ನಾ ಬರ್ತೀನಂತ ಬರಿ. ಪಗಾರ ಬ್ಯಾಡ. ಒಂದು ಖೋಲಿ, ಎರಡು ಹೊತ್ತು ಊಟ ಕೊಟ್ರ ಸಾಕು."

ಅಷ್ಟೇ ಅವರ ಆಸೆ. ಇನ್ನೊಮ್ಮೆ ಟ್ರಾಂ ಹತ್ತಬೇಕು, ತಮ್ಮ ಕಾಲಿಗೆ ಗೊತ್ತಿದ್ದನ್ನು ಇನ್ನೊಂದು ಕಾಲಿಗೆ ದಾಟಿಸಬೇಕು. ಈಗ ನನಗೆ ಕನ್ನಡಿಯಷ್ಟು ಸ್ಪಷ್ಟ. ಆಗ ಇರಲಿಲ್ಲ.

ನಾನು ಬರೆದದ್ದು ಒಂದೇ ಒಂದು ಪುಟ. ಬಹಳ ಚೆಂದದ ಪುಟ. ಬದುಕಿನ ಟ್ವೈಲೈಟಿನಲ್ಲಿ ಕೂತ ಒಬ್ಬ ವೃದ್ಧನ ಎದೆಯಲ್ಲಿ ಟ್ರಾಮಿನ ಗಂಟೆಯ ಮ್ಯೂಸಿಕ್ ಇನ್ನೂ ಕೇಳುತ್ತಿದೆ, ಆ ಸುಂದರ ವಾಹನವನ್ನು ಮುಂದಿನ ಪೀಳಿಗೆಗಾಗಿ ದಯವಿಟ್ಟು ಕಾಪಾಡಿ… ಹೀಗೆ. ಗ್ರೀಸು, ಗುಂಡಿ, ಉಸುಕು, ಇಳಿಜಾರು ಯಾವುದೂ ಇರಲಿಲ್ಲ. ಅವೆಲ್ಲ ಅಡುಗೆಮನೆಯ ಪಾತ್ರೆಗಳು. ಖೋಲಿ ಮತ್ತು ಊಟದ ಮಾತನ್ನಂತೂ ನಾನು ಬೇಕೆಂದೇ ಬಿಟ್ಟೆ. ಕಾಕಾ ಬೇಡಿಕೊಂಡಂತೆ ಕಾಣಬಾರದು ಎಂದು, ಅವರ ಡಿಗ್ನಿಟಿ ಉಳಿಸುತ್ತಿದ್ದೇನೆ ಎಂದು ತಿಳಿದಿದ್ದೆ.

"ಎಲ್ಲಾ ಬಂತೇನವ್ವಾ?" ಎಂದು ಕೇಳಿದರು.

"ಎಲ್ಲಾ ಬಂದೈತಿ ಕಾಕಾ" ಅಂದೆ.

ಅವರು ಕನ್ನಡಕ ಹಾಕಿಕೊಂಡು, ಕನ್ನಡದಲ್ಲಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದರು.

ಎರಡು ತಿಂಗಳ ಮೇಲೆ ಉತ್ತರ ಬಂತು. ಅಷ್ಟು ದಿನವೂ ಪಡಸಾಲೆಯ ನೆಲದ ಮೇಲೆ ಸುಣ್ಣದ ಹಳಿ ಹಾಗೇ ಇತ್ತು. ಮಸುಕಾದರೆ ಕಾಕಾ ಮತ್ತೆ ತಿದ್ದುತ್ತಿದ್ದರು, ಕಾಕು ಬೈಯುತ್ತ ಅದರ ಸುತ್ತ ಸಾರಿಸುತ್ತಿದ್ದರು. ಟೈಪ್ ಮಾಡಿದ ಮೂರು ಸಾಲಿನ ಉತ್ತರ. ನಿಮ್ಮ ಸುಂದರ ಪತ್ರಕ್ಕೆ ಧನ್ಯವಾದ, ನಿಮ್ಮ ಭಾವನೆಗಳನ್ನು ಗೌರವಿಸುತ್ತೇವೆ, ಒಂದು ಬಂಡಿಯನ್ನು ನೆನಪಿಗಾಗಿ ಇಡುವ ವಿಷಯ ಯೋಚಿಸಲಾಗುವುದು. ನಾನು ಓದಿ ಕನ್ನಡದಲ್ಲಿ ಹೇಳಿದೆ. ಕಾಕಾ ಇನ್ನೊಮ್ಮೆ ಓದಿಸಿದರು. ಆಮೇಲೆ ಕೇಳಿದರು:

"ಭಾವನಾ ಅದು ಇದು ಎಲ್ಲಾ ಐತಿ. ಉಸುಕಿನ ಮಾತಿಗೆ ಏನಂದ್ರು?"

ನಾನು ಕಾಗದ ಮಡಚುತ್ತ ಕೂತೆ.

"ಬರದಿದ್ದಿಲ್ಲವ್ವಾ ಅದನ್ನ?"

"ಬರದಿದ್ದೆ ಕಾಕಾ."

ಒಂದು ಸುಳ್ಳು. ಎರಡೇ ಶಬ್ದ. ನನ್ನ ಇಂಗ್ಲಿಷಿನ ಮರ್ಯಾದೆ ಉಳಿಯಲಿ ಎಂದು ಹೇಳಿದ್ದು. "ಓದಿ ಬ್ಯಾಡ ಅಂದ್ರ ಬ್ಯಾಡ ಬಿಡವ್ವಾ. ಅವರ ಊರು, ಅವರ ಬಂಡಿ" ಅಂದರು ಕಾಕಾ. ಎದ್ದು ಹೋಗಿ ಒದ್ದೆ ಅರಿವೆ ತಂದು, ಕುಕ್ಕರಗಾಲಲ್ಲಿ ಕೂತು, ನೆಲದ ಮೇಲಿನ ಹಳಿಯನ್ನು ತಾವೇ ಒರೆಸತೊಡಗಿದರು. ಅಷ್ಟು ದಿನ ಬೈಯುತ್ತಿದ್ದ ಕಾಕು, "ಇರ್ಲಿ ಬಿಡ್ರಿ, ಇರ್ಲಿ, ನನಗೇನ ತ್ರಾಸಿಲ್ಲ" ಎಂದರು. ಕಾಕಾ ಕೇಳಲಿಲ್ಲ.

ಇನ್ನೊಂದು ಪತ್ರ ಬರೆಯಬಹುದಿತ್ತು. ಬರೆಯಲು ಕೂತೆ ಕೂಡ. ಆದರೆ ಎರಡನೆಯ ಪತ್ರ ಬರೆಯಬೇಕೆಂದರೆ ಮೊದಲನೆಯದರಲ್ಲಿ ಏನಿರಲಿಲ್ಲ ಎಂದು ಒಪ್ಪಿಕೊಳ್ಳಬೇಕಿತ್ತು. ನಾಳೆ ನಾಡಿದ್ದು ಎನ್ನುತ್ತಿದ್ದಂತೆ ನನ್ನ ಮದುವೆ ಗೊತ್ತಾಯಿತು, ಗಂಗಾವತಿಗೆ ಹೊರಟೆ. ಹೊರಡುವ ದಿನ ಕಾಕಾ ಹ್ಯಾಂಡಲನ್ನು ಸೀರೆಯ ತುಂಡಿನಲ್ಲಿ ಸುತ್ತಿ ತಂದು ನನ್ನ ಕೈಗೆ ಕೊಟ್ಟರು.

"ನನಗ್ಯಾಕ ಕಾಕಾ ಇದು?"

"ಎಲ್ಲಾ ಕೇಳಿದಾಕಿ ನೀ ಒಬ್ಬಾಕಿ. ನಿನ್ನ ಕಡೆ ಇರ್ಲಿ."

ಆ ಮಾತು… ಅದನ್ನು ಎಲ್ಲಿ ಇಡಬೇಕೋ ನನಗೆ ಇವತ್ತಿಗೂ ತಿಳಿಯದು. ಹ್ಯಾಂಡಲನ್ನೇನೋ ಟ್ರಂಕಿನ ತಳದಲ್ಲಿಟ್ಟೆ. ನಾನು ಗಂಗಾವತಿಯಲ್ಲಿ ಶಾಲೆಗೆ ಸೇರಿ ಮಕ್ಕಳಿಗೆ ಲೆಟರ್ ರೈಟಿಂಗ್ ಕಲಿಸುತ್ತಿದ್ದಾಗ ಕಾಕಾ ತೀರಿಕೊಂಡ ಸುದ್ದಿ ಬಂತು. ಕಾಕು ತಾವರಗೇರಾಕ್ಕೆ ಹೋದರು. ಆಮೇಲೆ ಅವರೂ ಇಲ್ಲವಾದರು. ತಮಗೆ ಗೊತ್ತಿದ್ದದ್ದು ಯಾರಿಗೂ ಬೇಡವಾಯಿತು ಎಂದು ನಂಬಿಕೊಂಡೇ ಕಾಕಾ ಹೋದರು. ಬೇಡವೆಂದವರು ಯಾರೂ ಇರಲಿಲ್ಲ. ಕೇಳಿಸಿಕೊಂಡವರೇ ಇರಲಿಲ್ಲ.

ನನ್ನ ಈಗಿನ ಪತ್ರಕ್ಕೆ ಉತ್ತರವಾಗಿ ಮೊನ್ನೆ ಆ ಮ್ಯೂಸಿಯಮ್ಮಿನ ಇಂಜಿನಿಯರ್ ಹುಡುಗಿಯೇ ಬಂದಳು. ಮೂಲ ಹುಬ್ಬಳ್ಳಿಯವಳು. ಊಟದ ಟೇಬಲ್ ಮೇಲೆ ದೊಡ್ಡ ಪ್ಲಾನ್ ಬಿಚ್ಚಿದಳು. ನೋಡಿದ ಕೂಡಲೇ ಗುರುತು ಹಿಡಿದೆ: ಮೊಟ್ಟೆಯಾಕಾರದ ಹಳಿ, ಶೆಡ್ಡು, ಗುಂಡಿ, ಟಿಕೆಟ್ ಕಿಟಕಿ, ಒಂದು ಇಳಿಜಾರು.

"ಬಂಡಿ ರೆಡಿ ಅದ ರೀ ಆಂಟಿ" ಅಂದಳು. "ವರ್ಕ್‌ಶಾಪಿನ ಸಪಾಟ ಹಳಿ ಮ್ಯಾಲ ನಾನ ಓಡಿಸೀನಿ. ಆದ್ರ ಇಳಿಜಾರಿನ್ಯಾಗ ಹನಿ ಮಳಿ ಬಂದ್ರ ಹೆಂಗ ಹಿಡೀಬೇಕು, ಹೇಳವ್ರು ಯಾರೂ ಉಳದಿಲ್ಲ. ಮ್ಯಾನ್ಯುಅಲ್‌ನ್ಯಾಗ ಉಸುಕು ಬಿಡ್ರಿ ಅಂತ ಒಂದ ಸಾಲದ. ಯಾವಾಗ ಅಂತಿಲ್ಲ. ಅದಕ್ಕ ಇಳಿಜಾರನ್ನ ತಗದ ಬಿಡೋಣು ಅಂತ ನಡದದ. ನಿಮ್ಮ ಪತ್ರದಾಗ ಉಸುಕಿನ ಮಾತಿತ್ತಲ್ಲ, ಅದಕ್ಕ ಓಡಿ ಬಂದೆ."

ಅವಳಿಗೆ ಎಲ್ಲ ಹೇಳಿದೆ. ಮೂರು ಸಂಜೆ, ಒಂದು ಪುಟ, ಎರಡು ಶಬ್ದದ ಸುಳ್ಳು. ಇಷ್ಟು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ. ಹುಡುಗಿ ಒಳ್ಳೆಯವಳು. "ಬಿಡ್ರಿ ಆಂಟಿ, ಆಗ ನೀವು ಸಣ್ಣಾಕಿ ಇದ್ರಿ" ಅಂದಳು. ಚಹಾ ತಂದ ನನ್ನ ತಂಗಿ, "ಸಣ್ಣಾಕಿ ಏನ ಬಂತು, ಬಿ.ಎ. ಆಗಿತ್ತು" ಎಂದಳು. ಅವಳು ಹೇಳಿದ್ದೇ ಸರಿ.

ಹುಡುಗಿ ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿ, "ನೆನಪಿದ್ದಷ್ಟು ಮಾಡಿ ತೋರಸ್ರಿ" ಅಂದಳು. ನಾನು ಎದ್ದು ನಿಂತೆ. ಹ್ಯಾಂಡಲನ್ನು ಬಾಗಿಲ ಚೌಕಟ್ಟಿಗೆ ಒತ್ತಿ ಹಿಡಿದೆ. ಹೊಳೆಯುವ ಹಿತ್ತಾಳೆಯಿಂದ ಹುಣಸೆಹಣ್ಣಿನ ಹುಳಿ ವಾಸನೆ ಬಂತು. ಚಪ್ಪಲಿ ಬಿಟ್ಟು ಬರಿಗಾಲನ್ನು ನೆಲಕ್ಕೆ ಊರಿದೆ. ಧೂಳು, ರಾಡಿ, ಬೆಣ್ಣೆ, ಬ್ರೇಕಿಗಿಂತ ಮೊದಲು ಉಸುಕು, ಎಷ್ಟು ಮೊದಲೆಂದು ಕಾಲಿಗೆ ಗೊತ್ತಾಗುತ್ತದೆ, ಹೇಗೆಂದರೆ…

ಕಾಕಾ ಪಡಸಾಲೆಯ ಕಂಬದ ಹತ್ತಿರ ನಿಂತದ್ದು ಕಾಣುತ್ತಿತ್ತು. ತುಟಿ ಅಲ್ಲಾಡುವುದು ಕಾಣುತ್ತಿತ್ತು. ಅವರ ಮಾತು ಮಾತ್ರ ಕೇಳಿಸುತ್ತಿರಲಿಲ್ಲ. ಹುಡುಗಿಯೇ ಫೋನು ಆರಿಸಿ, ಪ್ಲಾನಿನ ಇಳಿಜಾರಿನ ಮೇಲೆ ಪೆನ್ಸಿಲಿನಿಂದ ಮೆಲ್ಲಗೆ ಒಂದು ಅಡ್ಡಗೆರೆ ಎಳೆದು ಅದನ್ನು ಹೊಡೆದು ಹಾಕಿದಳು.

ಆ ಸಂಜೆ ಕಾಕಾ ಅದನ್ನು ಹೇಳುತ್ತಿದ್ದಾಗ ನಾನು ಪಕ್ಕದಲ್ಲೇ ಇದ್ದೆ, ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದರಲ್ಲಿ ಪೆನ್ನು. ಟ್ರಾಮಿನ ಗಂಟೆಗೆ ಒಂದು ಒಳ್ಳೆಯ ಅಡ್ಜೆಕ್ಟಿವ್ ಹುಡುಕುತ್ತಿದ್ದೆ.