ಮಾತ್ರೆಗೂ ತಾಗಿದ ಆಣೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅದೆಲ್ಲ ನಡೆದದ್ದು ಯುಗಾದಿಗೆ ಮುಂಚೆಯೋ ಆಮೇಲೋ, ಮಾವ ಆಸ್ಪತ್ರೆಗೆ ಸೇರಿದ ದಿನ ಅತ್ತೆ ನಮ್ಮ ಜೊತೆಗೇ ಬಂದರೋ ಮಾರನೆಯ ದಿನ ಬಸ್ಸಿನಲ್ಲಿ ಬಂದರೋ, ಖಚಿತವಾಗಿ ಹೇಳಲಾರೆ. ದಿನಚರಿ ಬರೆಯುವ ಅಭ್ಯಾಸ ನನಗೆ ಪಿಯುಸಿಯಿಂದಲೂ ಇದೆ. ಆದರೆ ಆ ವಾರಗಳಲ್ಲಿ ಏನೂ ಬರೆದಿಲ್ಲ. ಬರೆಯದೇ ಬಿಟ್ಟದ್ದನ್ನು ನೆನಪು ತನಗೆ ಬೇಕಾದ ಹಾಗೆ ತುಂಬಿಕೊಳ್ಳುತ್ತದೆ ಎಂಬುದು ಗೊತ್ತಿದ್ದೇ ಈಗ ಬರೆಯಲು ಕೂತಿದ್ದೇನೆ.

ಮೊನ್ನೆ ಚಟ್ನಿಗೆಂದು ಒಡೆದ ಕಾಯಿ ಕೊಳೆತಿತ್ತು. ಅಡುಗೆಮನೆ ತುಂಬ ಹುಳಿ ಹುಳಿಯಾದ, ಎಣ್ಣೆ ಜಿಡ್ಡಿನ ನಾತ. ಕಿಟಕಿ ತೆರೆದೆ, ಹೋಳುಗಳನ್ನು ಹೊರಗೆ ಎಸೆದು ಬಂದೆ, ಸೋಪು ಹಾಕಿ ಕೈ ತೊಳೆದೆ. ಅಷ್ಟರಲ್ಲಿ ಮಾವ ನೆನಪಾಗಿಬಿಟ್ಟಿದ್ದರು. ಅವರ ಹಿಂದೆಯೇ ಸಿಟ್ಟೂ ಬಂತು. ದುಃಖ ಬರಬೇಕಾದ ಜಾಗದಲ್ಲಿ ನನಗೆ ಇಂದಿಗೂ ಮೊದಲು ಬರುವುದು ಸಿಟ್ಟೇ...

ಮಾವ ಅಂದರೆ ನನ್ನ ಸೋದರತ್ತೆಯ ಗಂಡ. ಕಂದಿಕೆರೆ ಕಡೆಯವರು. ಮದುವೆಯಾದ ಮೇಲೆ ತುರುವೇಕೆರೆ ಹತ್ತಿರದ ನಮ್ಮೂರಿಗೆ ಮನೆಅಳಿಯನಾಗಿ ಬಂದು ನಿಂತವರು. ತೋಟ, ಮನೆ, ಅಟ್ಟದ ಮೇಲಿನ ಕಾಯಿ ಎಲ್ಲವೂ ನನ್ನ ದೊಡ್ಡಪ್ಪನದು; ಮೈಮುರಿದು ದುಡಿಯುವುದು ಮಾವನದು. ಮನೆಅಳಿಯನಿಗೆ ಬುದ್ಧಿ ಹೇಳಲು ಯಾರಿಗೂ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅಪ್ಪ ಇಲ್ಲದ ನನ್ನನ್ನು ಓದಿಸಿದವರೂ ಅದೇ ದೊಡ್ಡಪ್ಪ. ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನು ಬರೆಯುವುದು ಅರ್ಧ ಸುಳ್ಳಾಗುತ್ತದೆ.

ನಮ್ಮ ಕಡೆ ಕಾಯನ್ನು ನಾರಿನ ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಹಾಗೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡರೆ ಅದು ಉಂಡೆ ಕೊಬ್ಬರಿ. ಚಿಕ್ಕಂದಿನಲ್ಲಿ ಮಾವ ಒಂದು ಕಾಯನ್ನು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿ, "ಒಳಗಿರೋನು ಏನಂತಾವ್ನೆ ಕೇಳ್ದಾ? ಇನ್ನೂ ನಿದ್ದೆ ಬತ್ತೈತೆ, ಆಮೇಲ್ ಬಾ ಅಂತಾವ್ನೆ" ಅನ್ನುತ್ತಿದ್ದರು. ನಾನು ಎಷ್ಟೋ ವರ್ಷ ಅದನ್ನು ನಂಬಿದ್ದೆ.

ಕುಡಿಯುತ್ತಿದ್ದರು. ಮೊದಲು ಸಂಜೆ ಮಾತ್ರ, ಆಮೇಲಾಮೇಲೆ ಬೆಳಿಗ್ಗೆ ಮುಖ ತೊಳೆಯುವ ಮೊದಲೇ. ಯಾರ ಮೇಲೂ ಕೈ ಮಾಡಿದವರಲ್ಲ. ಆದರೆ ಅತ್ತೆ ನೆಂಟರ ಮದುವೆಗಳಿಗೆ ಹೋಗುವುದನ್ನೇ ಬಿಟ್ಟಿದ್ದರು. ಅದೂ ಒಂದು ಏಟೇ.

ಬಿಡುತ್ತೇನೆ ಎಂದವರು ಮಾವನೇ. ಯಾರೂ ಬಲವಂತ ಮಾಡಿರಲಿಲ್ಲ. ಬಿಟ್ಟ ಮಾರನೆಯ ದಿನವೇ ಕೈ ನಡುಗತೊಡಗಿತು. ಲೋಟ ಹಿಡಿದರೆ ಕಾಫಿಯೆಲ್ಲ ನೆಲಕ್ಕೆ. ಮೈಯೆಲ್ಲ ಬೆವರು. ಗೋಡೆಯ ಮೇಲೆ ಇಲ್ಲದ ಇರುವೆ ಸಾಲು ಕಾಣತೊಡಗಿದಾಗ ಅತ್ತೆ ಹೆದರಿದರು. ನಾನಾಗ ಮೈಸೂರಿನಲ್ಲಿ ಇತಿಹಾಸದ ಎಂ.ಎ. ಓದುತ್ತಿದ್ದವಳು ರಜೆಗೆ ಬಂದಿದ್ದೆ. ದೊಡ್ಡಪ್ಪನ ಕಾರಿನಲ್ಲಿ ಮಾವನನ್ನು ತಿಪಟೂರಿಗೆ ಕರೆದುಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದೆವು.

ಮನೆಗೆ ಕಳಿಸುವ ದಿನ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಹೇಳಿದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಕುಡಿತ ಬಿಟ್ಟಾಗ ಮಿದುಳು ಗಾಬರಿ ಬೀಳತ್ತೆ. ಈ ಮಾತ್ರೆ ಅದನ್ನ ಸಮಾಧಾನಕ್ಕೆ ತರತ್ತೆ. ಕೆಲವು ವಾರ ಅಷ್ಟೇ, ಬಂದಾಗೆಲ್ಲ ನಾನೇ ಕಮ್ಮಿ ಮಾಡ್ತಾ ಹೋಗ್ತೀನಿ. ಇದೂ ಅಭ್ಯಾಸ ಆಗೋ ಔಷಧೀನೇ, ಅದಕ್ಕೆ ನಿಮ್ಮಷ್ಟಕ್ಕೆ ನೀವು ಜಾಸ್ತಿ ತಗೋಬೇಡಿ. ಇದರ ಮೇಲೆ ಕುಡೀಲೇಬೇಡಿ. ಹಾಗಂತ, ಹುಷಾರಾಯ್ತಲ್ಲ ಅಂತ ಒಂದೇ ಸಲ ನಿಲ್ಲಿಸಿಬಿಟ್ರೆ ಫಿಟ್ಸ್ ಬರಬಹುದು. ಜೀವಕ್ಕೇ ಅಪಾಯ."

ಆ ಕೊನೆಯ ಮಾತು ಹೇಳುವಾಗ ದೊಡ್ಡಪ್ಪ ಎಲ್ಲಿದ್ದರು? ನನ್ನ ನೆನಪಿನಲ್ಲಿ ಅವರು ಕಾರಿನ ಕೀ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತಿದ್ದಾರೆ. ಆದರೆ ಈ ಚಿತ್ರವನ್ನು ನಾನು ಎಷ್ಟೋ ಸಲ ಕಣ್ಣಿಗೆ ತಂದುಕೊಂಡಿದ್ದೇನೆ... ಅವರು ನಿಜವಾಗಿಯೂ ಅಲ್ಲಿದ್ದರೋ, ಸಿಟ್ಟು ತೀರಿಸಿಕೊಳ್ಳಲು ಒಬ್ಬರು ಬೇಕೆಂದು ನಾನೇ ಅಲ್ಲಿಗೆ ತಂದು ನಿಲ್ಲಿಸಿದೆನೋ, ಈಗ ತಿಳಿಯುವುದಿಲ್ಲ.

ಊರಿಗೆ ಬಂದ ಕೂಡಲೇ ದೊಡ್ಡಪ್ಪ ಆಣೆಯ ಏರ್ಪಾಟು ಮಾಡಿದರು. ನಮ್ಮಲ್ಲಿ ಕುಡಿತ ಬಿಡುವವರು ಮನೆದೇವರ ಮುಂದೆ ಉರಿಯುವ ಕರ್ಪೂರದ ಮೇಲೆ ಕೈ ಹಿಡಿದು ಆಣೆ ಮಾಡುತ್ತಾರೆ. ತಪ್ಪಿದರೆ ಮಾಡಿದವನಿಗಷ್ಟೇ ಅಲ್ಲ, ಇಡೀ ಮನೆಗೆ ಕೇಡು ಎಂಬ ನಂಬಿಕೆ. ನನಗೆ ಆಣೆಯ ಬಗ್ಗೆ ತಕರಾರಿಲ್ಲ. ಅದರಿಂದ ಮಾವನಿಗೆ ಧೈರ್ಯ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ದೊಡ್ಡಪ್ಪ ಹೇಳಿಕೊಟ್ಟ ಹಾಗೆ, ಇನ್ನು ಮೇಲೆ ಅಮಲು ಬರುವ ಯಾವ ಪದಾರ್ಥವನ್ನೂ ಮುಟ್ಟುವುದಿಲ್ಲ ಎಂದು ಮಾವ ಗಟ್ಟಿ ದನಿಯಲ್ಲಿ ಹೇಳಿದರು. ಮಾತ್ರೆಯ ವಿಚಾರ ಆಗ ಯಾರ ತಲೆಯಲ್ಲೂ ಇರಲಿಲ್ಲ.

ಆಮೇಲಿನ ದಿನಗಳು ಚೆನ್ನಾಗಿದ್ದವು. ನಡುಕ ನಿಂತಿತ್ತು. ಕೊಬ್ಬರಿಯ ಚಿಪ್ಪು ಒಡೆಯುವ ಹೆಂಗಸರ ಜೊತೆ ಬೆಳಗಿನ ಹೊತ್ತು ಮಾವನೂ ಮಚ್ಚು ಹಿಡಿದು ಕೂತರು. ಏಟು ಚಿಪ್ಪಿಗೆ ಬೀಳಬೇಕು, ಒಳಗಿನ ಉಂಡೆಗೆ ತಾಗಬಾರದು. ನಡುಗುವ ಕೈಗೆ ಒಗ್ಗುವ ಕೆಲಸವಲ್ಲ ಅದು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ಕೈಯನ್ನೇ ನೋಡುತ್ತಿದ್ದರು. ಮಧ್ಯಾಹ್ನ ಮಾತ್ರ ಮಾವ ಮಾತ್ರೆಯ ಮಂಪರಿಗೆ ಕೂತಲ್ಲೇ ತೂಕಡಿಸುತ್ತಿದ್ದರು. ಆ ತೂಕಡಿಕೆಯೇ ಊರ ಬಾಯಿಗೆ ಸಿಕ್ಕಿತು.

"ಏನ್ ಅಳಿಮಯ್ಯ, ಬಾಟ್ಲಿ ಬುಟ್ಟು ಗುಳಿಗೆ ಹಿಡ್ಕಂಡ್ಯಾ? ವಾಸ್ನೆ ಬರಾಕಿಲ್ಲ, ಹೆಂಡ್ರಿಗೂ ಸುಖ ಬುಡು!" ಎಂದು ಚಿಪ್ಪು ಒಡೆಯಲು ಬಂದಿದ್ದ ಅಜ್ಜಿ ಎಲ್ಲರನ್ನೂ ನಗಿಸಿದಳು.

"ವಾಸ್ನೇನೂ ಇಲ್ಲ, ರುಚೀನೂ ಇಲ್ಲ ಕಣಜ್ಜಿ. ನಿನ್ ಎಲೆಅಡ್ಕೆ ನಂಗ್ ಕೊಡು, ಗುಳಿಗೆ ನೀನ್ ಮಡಿಕೋ" ಎಂದು ಮಾವನೂ ನಕ್ಕರು. ದೊಡ್ಡಪ್ಪ ನಗಲಿಲ್ಲ.

ರಜೆ ಮುಗಿದು ನಾನು ಮೈಸೂರಿಗೆ ಹೋದೆ. ಮುಂದಿನದು ಅತ್ತೆಯಿಂದ ಕೇಳಿದ್ದು. ಅಕಾಲದಲ್ಲಿ ಒಂದು ಜೋರು ಮಳೆ ಬಂದು ಹೋದ ಮೇಲೆ ಅಟ್ಟದ ಒಂದು ಮೂಲೆಯ ಕಾಯೆಲ್ಲ ಕೊಳೆತು ನಾರತೊಡಗಿದವು. ಆ ಮೂಲೆಯ ಹೆಂಚು ಒಡೆದು ನೀರು ಇಳಿದಿತ್ತು. ಅಂಗಳದಲ್ಲಿ ನಿಂತು ನೋಡಿದರೂ ಒಡೆದ ಹೆಂಚು ಕಾಣುತ್ತಿತ್ತಂತೆ. ಆದರೆ ಹೆಂಚಿನ ಕಡೆ ತಲೆ ಎತ್ತುವ ಬದಲು ಎಲ್ಲರೂ ಮಾವನ ಕಡೆ ತಿರುಗಿದರು. ದೇವರ ಮುಂದೆ ಆಣೆ ಮಾಡಿ ಅಮಲಿನ ಗುಳಿಗೆ ನುಂಗಿದರೆ ಮನೆ ಉಳಿಯುತ್ತದೆಯೇ ಎಂದರು. ದೊಡ್ಡಪ್ಪ ಅತ್ತೆಯ ಕೈಯಿಂದ ಮಾತ್ರೆಗಳನ್ನು ಇಸಿದುಕೊಂಡು ತಿಪ್ಪೆಗೆ ಎಸೆದರು.

ಒಂದು ಹೆಂಚು! ಒಂದು ಹೆಂಚು ಬದಲಾಯಿಸಿದ್ದರೆ ಮುಗಿಯುತ್ತಿತ್ತು.

ವಿಷಯ ತಿಳಿದ ಕೂಡಲೇ ದೊಡ್ಡಪ್ಪನಿಗೆ ಫೋನ್ ಮಾಡಿದೆ. ಹೀಗೆ ಒಮ್ಮೆಲೇ ನಿಲ್ಲಿಸಬಾರದು, ಡಾಕ್ಟರನ್ನು ಒಂದು ಮಾತು ಕೇಳಿ ಎಂದು ಬೇಡಿಕೊಂಡೆ.

"ನೀನ್ ಓದ್ತಿರೋದು ರಾಜರ ಕತೆ ಕಣವ್ವ, ಡಾಕ್ಟ್ರಿಕೆ ಅಲ್ಲ. ಗಂಡ್ಸಾದೋನು ಬುಟ್ಟೆ ಅಂದ್ಮೇಲೆ ಎಲ್ಲಾನೂ ಬುಡ್ಬೇಕು" ಎಂದು ಫೋನನ್ನು ಮಾವನ ಕೈಗೆ ಕೊಟ್ಟರು.

"ಹೋಗ್ಲಿ ಬುಡವ್ವ, ಸುಮ್ಕೆ ಯಾಕ್ ಜಗಳ" ಎಂದರು ಮಾವ. "ಎಲ್ರು ಬಾಯಿಗೂ ಬಿದ್ದು ನಂಗೂ ಸಾಕಾಗೈತೆ. ಏನೂ ಆಗಿಲ್ಲ, ಚೆನ್ನಾಗಿವ್ನಿ."

ದನಿಯಲ್ಲಿ ನಡುಕವಿತ್ತೆ? ಇತ್ತು ಎಂದು ಈಗ ಅನ್ನಿಸುತ್ತದೆ. ಈಗ ಅನ್ನಿಸುವುದನ್ನು ನಾನು ಅಷ್ಟಾಗಿ ನಂಬುವುದಿಲ್ಲ...

ಅದಾಗಿ ಕೆಲವೇ ದಿನಕ್ಕೆ, ಬೆಳಗಿನ ತಿಂಡಿಯಾದ ಮೇಲೆ, ಮಾವ ಕೊಳೆತ ಕಾಯನ್ನು ಬೇರೆ ಮಾಡಲು ಅಟ್ಟ ಹತ್ತಿದರು. ನನ್ನಿಂದ ಆದ ಕೇಡು, ನಾನೇ ತೆಗೆದು ಹಾಕ್ತೀನಿ ಎಂದಿದ್ದರಂತೆ. ಕಾಯಿ ಉರುಳಿದ ಸದ್ದಿಗೆ ಅತ್ತೆ ಓಡಿ ಬಂದಾಗ ಏಣಿಯ ಬುಡದಲ್ಲಿ ಬಿದ್ದಿದ್ದರು. ಕೈಕಾಲು ಸೆಟೆದು ಅದುರುತ್ತಿತ್ತು. ಬಾಯಲ್ಲಿ ನೊರೆ. ಯಾರೋ ಅಂಗೈಗೆ ಕಬ್ಬಿಣದ ಚೂರು ತುರುಕಿದರು. ತಲೆಗೆ ಬಿದ್ದ ಏಟನ್ನು ಯಾರೂ ಮೊದಲು ಗಮನಿಸಲಿಲ್ಲ. ತಿಪಟೂರು ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಮಣ್ಣು ಮಾಡಿ ಬರುವಷ್ಟರಲ್ಲಿ ಊರು ತೀರ್ಪನ್ನೂ ಕೊಟ್ಟಾಗಿತ್ತು: ಕದ್ದು ಕುಡಿದು ಅಟ್ಟ ಹತ್ತಿದ್ದ, ಆಣೆ ತಪ್ಪಿದ್ದಕ್ಕೆ ದೇವರು ತೋರಿಸಿದ.

"ನಾನ್ ಬಾಯಿಗೆ ಮೂಗಿಟ್ಟು ನೋಡಿವ್ನಿ ಕಣ್ರೋ" ಎಂದು ಅತ್ತೆ ಬಂದವರಿಗೆಲ್ಲ ಹೇಳಿದರು. "ಮದ್ವೆ ಆದಾಗಿಂದ ಆ ವಾಸ್ನೆ ಜೊತೆ ಬಾಳ್ದೋಳು ನಾನು. ನಂಗ್ ಗೊತ್ತಾಗಕಿಲ್ವಾ? ಏನೂ ಇರ್ಲಿಲ್ಲ." ಜನ ತಲೆ ತಗ್ಗಿಸಿ ಕೇಳಿಸಿಕೊಂಡರು, ಪಾಪ ಅಂದರು. ಯಾರೂ ನಂಬಲಿಲ್ಲ. ಒಬ್ಬ ಮನುಷ್ಯ ತನ್ನ ಜೀವನದಲ್ಲಿ ಮಾಡಿದ ಅತ್ಯಂತ ಕಷ್ಟದ ಕೆಲಸವನ್ನು ಸತ್ತ ಮೇಲೆ ಅವನಿಂದ ಹೀಗೆ ಕಿತ್ತುಕೊಂಡರು.

ತಿಥಿಯ ದಿನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಡುವುದು ನಮ್ಮ ವಾಡಿಕೆ. ಕಜ್ಜಾಯ, ವಡೆ, ಬೀಡಿ ಕಟ್ಟು ಇಟ್ಟಿದ್ದರು. ಕೊನೆಗೆ ದೊಡ್ಡಪ್ಪ ಪಂಚೆಯ ಮಡಿಕೆಯಿಂದ ಒಂದು ಕ್ವಾರ್ಟರ್ ಬಾಟ್ಲಿ ತೆಗೆದು ಎಲೆಯ ಪಕ್ಕ ಇಟ್ಟರು. ಇದನ್ನು ನಾನು ಅಲ್ಲೇ ನಿಂತು ನೋಡಿದೆ, ಇದರಲ್ಲಿ ನನಗೆ ಅನುಮಾನವಿಲ್ಲ. ಅವರ ಕಣ್ಣಲ್ಲಿ ನೀರಿತ್ತು. "ಇರೋಗಂಟ ಬೈದು ಬುಡಿಸ್ದೊ. ಇನ್ಮೇಲಾದ್ರೂ ನೆಮ್ದಿಯಾಗಿ ಕುಡೀಲಿ" ಎಂದರು. ಆ ಕಣ್ಣೀರು ಸುಳ್ಳಾಗಿರಲಿಲ್ಲ. ಅದಕ್ಕೇ ನನಗೆ ಇನ್ನೂ ಹೆಚ್ಚು ಸಿಟ್ಟು. ನಡುಕ ನಿಲ್ಲಿಸುವ ಮಾತ್ರೆಗೆ ಅಡ್ಡ ಬಂದ ದೇವರು ಬಾಟ್ಲಿಗೆ ಯಾಕೆ ಅಡ್ಡ ಬರಲಿಲ್ಲ?

ಎಡೆಗಿಟ್ಟದ್ದನ್ನು ಯಾರೂ ಮುಟ್ಟಬಾರದು. ಅತ್ತೆ ಮುಟ್ಟಿದರು. "ಅವ್ರು ಬುಟ್ಟಿದ್ರು ಕಣಣ್ಣಯ್ಯ. ಬುಟ್ಟೋರಿಗೆ ಯಾಕ್ ಇಕ್ಕೀಯ?" ಎಂದು ಬಾಟ್ಲಿ ಎತ್ತಿಕೊಂಡು ಹೋಗಿ ಬಚ್ಚಲಿಗೆ ಸುರಿದು ಬಂದರು. ಸುತ್ತ ನಿಂತಿದ್ದ ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಮಾವ ಸತ್ತಾಗ ಕೂಡ ಅವರು ಅಷ್ಟು ಬೆಚ್ಚಿರಲಿಲ್ಲ. ಅತ್ತೆ ಆ ವರ್ಷವೇ ಕಂದಿಕೆರೆಗೆ ಹೊರಟು ಹೋದರು. ಮತ್ತೆ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ.

ಪೋಸ್ಟ್‌ಮಾರ್ಟಂ ಮಾಡಿಸಲಿಲ್ಲ. ಹಾಗಾಗಿ ಮಾತ್ರೆ ನಿಂತದ್ದಕ್ಕೇ ಫಿಟ್ಸ್ ಬಂತು ಎಂದು ನಾನು ಸಾಧಿಸಲಾರೆ. ಮೊದಲು ಕಾಲು ಜಾರಿರಬಹುದು. ತಲೆಗೆ ಏಟು ಬಿದ್ದ ಮೇಲೆ ಮೈ ಸೆಟೆದಿರಬಹುದು. ಇದನ್ನೆಲ್ಲ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಮಾವ ಕುಡಿಯದೇ ಸತ್ತರು ಎಂಬುದೊಂದನ್ನು ಮಾತ್ರ ಯಾರಿಗೂ ಬಿಟ್ಟುಕೊಡಲಾರೆ.

ದೊಡ್ಡಪ್ಪನಿಗೆ ಈಗ ವಯಸ್ಸಾಗಿದೆ. ಹೃದಯದ ಚಿಕಿತ್ಸೆ ಆದಮೇಲೆ ನಿದ್ದೆ ಬರುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ, ಸಾಯುವ ಭಯ. ಹೋದ ತಿಂಗಳು ನಾನೇ ತಿಪಟೂರಿಗೆ ಕರೆದುಕೊಂಡು ಹೋಗಿದ್ದೆ. ಬೇರೆ ಡಾಕ್ಟರು. ಗಾಬರಿಗೆಂದು ಅದೇ ಜಾತಿಯ ಮಾತ್ರೆ ಬರೆದುಕೊಟ್ಟು, ತಾವಾಗೇ ನಿಲ್ಲಿಸಬೇಡಿ, ಅಪಾಯ ಎಂದರು. "ಆಯ್ತು ಸಾರ್, ನೀವ್ ಹೇಳ್ದಂಗೆ" ಎಂದು ದೊಡ್ಡಪ್ಪ ಕೈ ಮುಗಿದರು. ಮನೆದೇವರ ಮಾತು ಬರಲಿಲ್ಲ. ಅವರಿಗೆ ನಿದ್ದೆ ಬರಲಿ, ಅದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಅಂಥದೇ ಸಮಾಧಾನ ಮಾವನಿಗೆ ಇನ್ನು ಕೆಲವೇ ವಾರ ಸಾಕಾಗಿತ್ತು, ಅದು ಸಿಗಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಒಂದು ಮಾತು ಕೇಳಿದೆ. ದೊಡ್ಡಪ್ಪ ಕಿಟಕಿಯ ಆಚೆ ನೋಡುತ್ತ ಕೂತರು. ಊರು ಬಂದಾಗ ಇಳಿದು ಒಳಗೆ ಹೋದರು. ಆಮೇಲೆ ಎರಡು ಮೂರು ಸಲ ಫೋನಿನಲ್ಲಿ ಮಾತಾಡಿದ್ದಾರೆ, ಕಾಯಿಯ ರೇಟು, ನನ್ನ ಆರೋಗ್ಯ ಎಲ್ಲ ವಿಚಾರಿಸಿದ್ದಾರೆ. ಅವತ್ತು ಕಾರಿನಲ್ಲಿ ನಾನು ಕೇಳಿದ್ದು ಇಷ್ಟೇ:

"ದೊಡ್ಡಪ್ಪ, ಒಂದೇ ಸಲ ನಿಲ್ಲಿಸಿದ್ರೆ ಜೀವಕ್ಕೇ ಅಪಾಯ ಅಂತ ಅವತ್ತು ಮಾವನ ಡಾಕ್ಟ್ರೂ ಹೇಳಿದ್ರಲ್ಲ, ಆಗ ನೀವೂ ಅಲ್ಲೇ ಇದ್ರಾ?"